ಬೆಲ್ಟ್ ಇಲ್ಲದ ಭಾವ

ಪ್ರಪಂಚದಲ್ಲಿ ಟೇಕ್ವಾಂಡೋ ಬ್ಲ್ಯಾಕ್ ಬೆಲ್ಟ್ ಇರುವವರು ಎಷ್ಟು ಜನ ಅಂತ ಕೇಳಿದರೆ ಒಬ್ಬರು ಲಕ್ಷಗಟ್ಟಲೆ ಅನ್ನುತ್ತಾರೆ, ಇನ್ನೊಬ್ಬರು ಕೋಟಿ ದಾಟಿರಬೇಕು ಅನ್ನುತ್ತಾರೆ. ಎಣಿಸಿದವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಪ್ರಪಂಚದ ಉಸಾಬರಿ ನನಗೆ ಬೇಡ. ನಮ್ಮ ಬೀದಿಯದ್ದು ಕೇಳಿ, ಹೇಳುತ್ತೇನೆ. ಮನೆ ಅರವತ್ತೊಂದು, ಬ್ಲ್ಯಾಕ್ ಬೆಲ್ಟ್ ನೂರ ನಲವತ್ತಮೂರು. ನಾನು ನೀರಿನ ಮೀಟರ್ ಓದುವವಳು. ತಿಂಗಳಿಗೊಂದು ಸಲ ಪ್ರತಿ ಮನೆಯ ಹಿತ್ತಲಿಗೂ ಹೋಗುತ್ತೇನೆ, ಬಟ್ಟೆ ಒಣಹಾಕಿದ ಹಗ್ಗ ಕಣ್ಣಿಗೆ ಬೀಳುತ್ತದೆ. ಟವೆಲ್, ಕಾಲುಚೀಲ, ಬ್ಲ್ಯಾಕ್ ಬೆಲ್ಟ್. ನನ್ನದೂ ಒಂದಿದೆ. ಸ್ಟೋರ್ ರೂಮಿನ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅದಕ್ಕೆ ಕಟ್ಟಿದ್ದೇನೆ.

ಹೊರಗಿನವರು ಬ್ಲ್ಯಾಕ್ ಬೆಲ್ಟ್ ಅಂದರೆ ಕಣ್ಣರಳಿಸುತ್ತಾರೆ. ನಮಗೆ ಅದು ಕೊಡೆ ಇದ್ದ ಹಾಗೆ, ಮನೆಗೆ ಎರಡು ಮೂರು ಇರುತ್ತವೆ. ಮೂಲೆ ಮನೆಯ ಹಲ್ಲಿನ ಡಾಕ್ಟರಿಗೆ ಫಸ್ಟ್ ಡಾನ್, ಅವರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹೆಂಗಸಿಗೆ ಸೆಕೆಂಡ್ ಡಾನ್. ಡಾನ್ ಅಂದರೆ ಬ್ಲ್ಯಾಕ್ ಬೆಲ್ಟ್ ಬಂದ ಮೇಲೂ ಹತ್ತುತ್ತಾ ಹೋಗುವ ಮೆಟ್ಟಿಲು. ಹಾಗಾಗಿ ದಿನಾ ಬೆಳಿಗ್ಗೆ ಡಾಕ್ಟರೇ ಆಕೆಗೆ ಬಗ್ಗಿ ವಂದಿಸಿ ಒಳಗೆ ಹೋಗಬೇಕು. ಒಂದು ಸಲ ಬಸ್ ಸ್ಟಾಪಿನಲ್ಲಿ ಯಾವನೋ ಒಬ್ಬ ಟೀಚರಮ್ಮನ ಬ್ಯಾಗು ಕಿತ್ತುಕೊಂಡು ಓಡಿದ. ಅಲ್ಲಿ ಹದಿನಾಲ್ಕು ಬ್ಲ್ಯಾಕ್ ಬೆಲ್ಟಿನವರು ನಿಂತಿದ್ದರು. ಹಿರಿಯರು ಇರುವಾಗ ಕಿರಿಯರು ಮುನ್ನುಗ್ಗಬಾರದು ಅನ್ನುವುದು ನಾವು ಟೇಕ್ವಾಂಡೋ ಕಲಿತ ಹಾಲ್‌ನ ಶಿಸ್ತು. ಯಾರು ಹಿರಿಯರು ಅಂತ ಒಬ್ಬರಿಗೊಬ್ಬರು ಬಗ್ಗಿ ತೀರ್ಮಾನ ಮಾಡುವಷ್ಟರಲ್ಲಿ ಕಳ್ಳ ಬಸ್ ಹತ್ತಿ, ಟಿಕೆಟ್ ತೆಗೆದುಕೊಂಡು, ಕಿಟಕಿ ಪಕ್ಕ ಕೂತಿದ್ದ. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹಿರಿಯವಳು ತಾನೇ ಅನ್ನುವುದು ಟೀಚರಮ್ಮನಿಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಇಂಥ ಬೀದಿಯಲ್ಲಿ, ತೊಟ್ಟಿಲ ಮಕ್ಕಳನ್ನು ಬಿಟ್ಟರೆ, ಬ್ಲ್ಯಾಕ್ ಬೆಲ್ಟ್ ಇಲ್ಲದವರು ಒಬ್ಬರೇ ಒಬ್ಬರು. ನನ್ನ ಅಕ್ಕನ ಗಂಡ. ನಮ್ಮ ಭಾವ. ನಾನು ಅವರ ಮನೆಯ ಮಹಡಿಯ ಮೇಲೇ ಇರುವವಳು, ಅವರ ಬಗ್ಗೆ ಬೇರೆಯವರು ಏನಾದರೂ ಅಂದರೆ ನನಗೆ ಆಗುವುದಿಲ್ಲ. ನಾನು ಅನ್ನಬಹುದು, ಅದು ಬೇರೆ ವಿಷಯ.

ಭಾವ ಬಡಗಿ. ವಯಸ್ಸು ಐವತ್ತೆಂಟು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್, ಹುಬ್ಬಿನಲ್ಲಿ ಮರದ ಪುಡಿ. ಮನೆಯ ಕೆಳಗೇ ಅವರ ಕೆಲಸದ ಕೋಣೆ. ಒಂದು ಗೋಡೆಗೆ ಗರಗಸಗಳು ಅಳತೆಯ ಪ್ರಕಾರ, ಇನ್ನೊಂದು ಗೋಡೆಗೆ ಅಂಟಿಸಿದ್ದನ್ನು ಬಿಗಿದು ಹಿಡಿಯುವ ಕ್ಲ್ಯಾಂಪುಗಳು. ಅವರು ಮಾಡಿದ ಕುರ್ಚಿ ಅಲ್ಲಾಡಿದ್ದನ್ನು ಯಾರೂ ನೋಡಿಲ್ಲ. ಮುರಿದದ್ದು ಕಂಡರೆ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಮದುವೆಮನೆಗೆ ಹೋದರೂ ಊಟದ ಮೇಜಿನ ಕಾಲು ಸಡಿಲವಾಗಿದ್ದರೆ ಮೊದಲು ಮೇಜಿನ ಅಡಿಗೆ ಹೋಗುತ್ತಾರೆ, ಆಮೇಲೆ ಊಟ. ಇಂಥ ಮನುಷ್ಯನ ಹಣೆಬರಹ ನೋಡಿ, ಅವರಿಗೆ ಸಿಕ್ಕ ದೊಡ್ಡ ಕೆಲಸ ಮುರಿಯುವುದಕ್ಕೆಂದೇ ಹಲಗೆ ಮಾಡಿಕೊಡುವುದು.

ಹಾಲ್ ಇರುವುದು ಬೇಕರಿಯ ಮೇಲೆ. ನಡೆಸುವವರು ಮಾಸ್ಟರ್. ಅವರು ಮೊದಲು ಡ್ರೈವಿಂಗ್ ಸ್ಕೂಲ್ ಇಟ್ಟಿದ್ದರು, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಈಗಲೂ ತಿರುಗಿ ಒದೆಯುವ ಮೊದಲು ಹಿಂದೆ ಯಾರಿದ್ದಾರೆ ಅಂತ ಕನ್ನಡಿ ನೋಡಿ ಅನ್ನುತ್ತಾರೆ. ಒಳ್ಳೆಯ ಮನುಷ್ಯ, ಯಾರನ್ನೂ ಫೇಲ್ ಮಾಡಲು ಮನಸ್ಸು ಬಾರದು. ಆದರೆ ಒಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಬ್ಲ್ಯಾಕ್ ಬೆಲ್ಟ್ ಬೇಕಾದರೆ ಪರೀಕ್ಷೆಯ ದಿನ ಎಲ್ಲರ ಎದುರು ಒಂದು ಹಲಗೆ ಮುರಿಯಲೇಬೇಕು. ಆ ಹಲಗೆ ಭಾವನದು. ಒಂದು ಅಡಿ ಚೌಕ, ಬೆರಳು ದಪ್ಪ, ನಾಲ್ಕೂ ಅಂಚು ಉಜ್ಜಿ ನುಣುಪು ಮಾಡಿದ್ದು. ಮುರಿಯುವ ಹಲಗೆಯ ಅಂಚು ಯಾಕೆ ಉಜ್ಜಬೇಕು ಅಂತ ನಾನು ಕೇಳಿದ್ದಿದೆ. ಹಿಡಿದುಕೊಂಡವರ ಕೈಗೆ ಸಿಬುರು ಚುಚ್ಚಬಾರದಲ್ಲ ಅಂದರು. ಹಸಿ ಮರ ಕೊಡುವುದು ಬಡಗಿಗೆ ಅವಮಾನ ಅಂತ ಹಲಗೆಗಳನ್ನು ಒಯ್ದು ಬೇಕರಿಯ ಒಲೆಯ ಮೇಲುಗಡೆ ವಾರಗಟ್ಟಲೆ ಒಣಗಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮುರಿದ ತುಂಡುಗಳನ್ನು ಚೀಲದಲ್ಲಿ ಹೊತ್ತು ತಂದು ಅಂಟು ಹಾಕಿ ಜೋಡಿಸುವುದೂ ಅವರೇ. ನಮ್ಮ ಮನೆಯ ಪಾತ್ರೆಯ ಸ್ಟ್ಯಾಂಡ್ ಬ್ಯಾಂಕ್ ಮ್ಯಾನೇಜರ್ ಒದ್ದದ್ದು. ಚಪ್ಪಲಿ ಗೂಡು ಡಾಕ್ಟರು ಗುದ್ದಿದ್ದು. ನನ್ನ ಮಂಚದ ತಲೆಯ ಕಡೆ ಅಕ್ಕನ ಹಿಮ್ಮಡಿಯ ಗುರುತು ಈಗಲೂ ಇದೆ.

ಇಲ್ಲಿ ಒಂದು ಸಂಗತಿ ಹೇಳಿಬಿಡುತ್ತೇನೆ, ಮುಂದಕ್ಕೆ ಬೇಕಾಗುತ್ತದೆ. ಬಟ್ಟೆಯಲ್ಲಿ ದಾರ ಇದ್ದ ಹಾಗೆ ಮರದಲ್ಲಿ ಎಳೆ ಇರುತ್ತದೆ. ಹಲಗೆಯ ಎಡಕ್ಕೊಂದು ಬಲಕ್ಕೊಂದು ಕೈಯಿಟ್ಟು ಹಿಡಿದಾಗ ಎಳೆ ಮೇಲಿಂದ ಕೆಳಕ್ಕೆ ನಿಂತಿದ್ದರೆ, ಸರಿಯಾಗಿ ಹೊಡೆದವರಿಗೆ ಹಲಗೆ ಎರಡು ಹೋಳಾಗುತ್ತದೆ. ಎಳೆ ಅಡ್ಡ ಮಲಗಿದ್ದರೆ ಆನೆ ಬಂದರೂ ಅಷ್ಟೇ. ಎಲ್ಲ ಕಡೆಯೂ ಎಳೆ ನಿಲ್ಲಿಸಿಯೇ ಹಿಡಿಯುತ್ತಾರೆ, ಅದರಲ್ಲಿ ಮೋಸವೇನಿಲ್ಲ. ಆದರೆ ಹಲಗೆ ಚೌಕ, ಹಿಡಿಯುವವರಿಗೆ ಗೊಂದಲ. ಅದಕ್ಕೆ ಭಾವ ಪರೀಕ್ಷೆಯ ಹೊತ್ತಿಗೆ ತಾವೇ ನಿಂತು ಪ್ರತಿ ಹಲಗೆಯ ಒಂದು ಅಂಚಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಿದ್ದರು. ಗೀಟು ಮೇಲಕ್ಕೆ ಬರುವ ಹಾಗೆ ಹಿಡಿದರೆ ಆಯಿತು. ನಮ್ಮ ಮನೆಯವರನ್ನು ಬಿಟ್ಟರೆ ಹಾಲ್‌ನಲ್ಲಿ ಯಾರಿಗೂ ಎಳೆಯ ವಿಷಯ ಗೊತ್ತಿರಲಿಲ್ಲ, ಗೀಟಿನ ವಿಷಯ ಗೊತ್ತಿತ್ತು.

ಭಾವನಿಗೂ ಬ್ಲ್ಯಾಕ್ ಬೆಲ್ಟ್ ಬೇಕು. ಬೇಕು ಅಂದರೆ ಸುಮ್ಮನೆ ಅಲ್ಲ, ಚಿಕ್ಕ ಮಕ್ಕಳಿಗೆ ಸೈಕಲ್ ಬೇಕು ಅನ್ನುವಂತೆ ಬೇಕು. ಮೊದಲ ಪರೀಕ್ಷೆಗೆ ಕಟ್ಟಿದಾಗಲೇ ಅಕ್ಕ ಒಂದು ಬೆಲ್ಟ್ ತಂದು, ಅದರ ತುದಿಗೆ ಹಳದಿ ದಾರದಲ್ಲಿ ಅವರ ಹೆಸರು ಹೊಲಿಸಿ ಬೀರುವಿನಲ್ಲಿ ಇಟ್ಟಳು. ಅದು ಹನ್ನೊಂದು ವರ್ಷದ ಹಿಂದೆ. ಹನ್ನೊಂದು ವರ್ಷದಲ್ಲಿ ಹನ್ನೊಂದು ಪರೀಕ್ಷೆ. ಒದೆತ ಚೆನ್ನಾಗಿದೆ, ನಿಲುವು ಚೆನ್ನಾಗಿದೆ, ಬರೆಯುವ ಪರೀಕ್ಷೆಯಲ್ಲಿ ನನಗಿಂತ ಹೆಚ್ಚು ಅಂಕ. ಹಲಗೆಯ ಮುಂದೆ ನಿಂತರೆ ಮುಗಿಯಿತು. ಕೈ ರಭಸದಿಂದ ಹೋಗುತ್ತದೆ, ಹಲಗೆಗೆ ತಾಗುವ ಹೊತ್ತಿಗೆ ತಾನಾಗಿ ನಿಂತುಬಿಡುತ್ತದೆ. ನಲವತ್ತು ವರ್ಷ ಮುರಿದದ್ದನ್ನೆಲ್ಲ ಜೋಡಿಸಿದ ಕೈ ಅದು, ಅದಕ್ಕೆ ಮುರಿ ಅಂದರೆ ಅರ್ಥವಾಗಬೇಕಲ್ಲ. ಹಲಗೆಯ ಮೇಲೆ ನಿಮಗಾಗದ ನಿಮ್ಮ ಅಣ್ಣನ ಮುಖ ಬರೆದುಕೊಳ್ಳಿ ಅಂತ ಅಕ್ಕ ಸಲಹೆ ಕೊಟ್ಟಳು. ಬರೆದುಕೊಂಡರು. ಹೊಡೆಯಲಿಲ್ಲ, ಮೀಸೆ ಸರಿಯಾಗಿ ಬಂದಿಲ್ಲ ಅಂತ ತಿದ್ದಿದರು. ಮಾಸ್ಟರ್ ಪ್ಲಾಸ್ಟಿಕ್ ಹಲಗೆ ತರಿಸಿದರು. ಪ್ಲಾಸ್ಟಿಕ್ ಮುಟ್ಟುವುದಿಲ್ಲ ಅಂದರು ಭಾವ. ಪ್ರತಿ ಸಲವೂ ಬೀದಿಗೆ ಬೀದಿಯೇ ಸೇರಿ, ಹೊಡೀರಿ ಹೊಡೀರಿ ಅಂತ ಕೂಗುತ್ತಿತ್ತು. ಪ್ರತಿ ಸಲವೂ ಅವರು ಬಂದು, ಮುಖ ತೊಳೆದು, ಊಟ ಬೇಡ ಅಂತ ಕೆಳಗೆ ಕೆಲಸದ ಕೋಣೆಯಲ್ಲಿ ಕೂರುತ್ತಿದ್ದರು. ನಾನು ಹೊರಗೆ ಎಷ್ಟೇ ಗೇಲಿ ಮಾಡಲಿ, ಆ ಸಂಜೆಗಳಲ್ಲಿ ನಾನೂ ಊಟ ಬಿಟ್ಟು ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಈ ವರ್ಷ ಟೇಕ್ವಾಂಡೋ ಒಕ್ಕೂಟದಿಂದ ಒಬ್ಬರು ತಪಾಸಣೆಗೆ ಬಂದರು. ಒಂದೇ ಬೀದಿಯಲ್ಲಿ ನೂರ ನಲವತ್ತಮೂರು ಜನ ಪಾಸಾಗಿದ್ದು ಯಾರ ಕಣ್ಣಿಗೋ ಬಿದ್ದಿತ್ತು. ತೆಳ್ಳಗಿನ ಮನುಷ್ಯ, ಜೇಬಿನಲ್ಲಿ ಸ್ಟೀಲಿನ ಸ್ಕೇಲು. ಬಂದವರೇ ನಮ್ಮ ಹಾಲ್‌ನ ಬಾಗಿಲನ್ನು ಅಳೆದರು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನಾವು ಅವರಿಗೆ ಸ್ಕೇಲು ಸಾಹೇಬರು ಅಂತಲೇ ಹೆಸರಿಟ್ಟೆವು. ಹಲಗೆಗಳನ್ನು ಬೇಕರಿ ಒಲೆಯ ಮೇಲೆ ಒಣಗಿಸುತ್ತಾರೆ ಅಂತ ಗೊತ್ತಾದ ಮೇಲೆ ಅವರ ಮುಖ ಗಂಟಾಯಿತು. ಹಲಗೆಯನ್ನು ಬೇಕೆಂದೇ ಸತ್ವಹೀನ ಮಾಡಿದ್ದಾರೆ ಅನ್ನುವುದು ಅವರ ಅನುಮಾನ. ಪರಿಹಾರವನ್ನೂ ಅವರೇ ಹೇಳಿದರು. ನಾಳೆ ಬೆಳಿಗ್ಗೆ ಬ್ಲ್ಯಾಕ್ ಬೆಲ್ಟ್ ಇಲ್ಲದ ಯಾರಾದರೂ ಒಬ್ಬರು ಒಂದು ಹಲಗೆ ಹೊಡೆಯಲಿ. ಮುರಿಯದಿದ್ದರೆ ಹಲಗೆ ಗಟ್ಟಿ, ಎಲ್ಲರ ಬೆಲ್ಟೂ ಸಿಂಧು. ಮುರಿದರೆ ಹಲಗೆ ದುರ್ಬಲ, ನೂರ ನಲವತ್ತಮೂರೂ ರದ್ದು.

ಬೆಲ್ಟ್ ಇಲ್ಲದವರು ಮುರಿಯದೆ ಹೋದರೆ ಬೆಲ್ಟ್ ಬರುವುದು ಹೇಗೆ ಸ್ವಾಮಿ, ಎಲ್ಲರೂ ಮೊದಲು ಬೆಲ್ಟ್ ಇಲ್ಲದವರೇ ತಾನೇ ಅಂತ ನಾನು ಕೇಳಿದೆ. ಅವರು ಅದನ್ನೂ ಬರೆದುಕೊಂಡರು.

ಬೀದಿಯೆಲ್ಲ ಹುಡುಕಿದರು. ನಾನು ಹೇಳಿದೆನಲ್ಲ, ಒಬ್ಬರೇ ಒಬ್ಬರು. ಸ್ಕೇಲು ಸಾಹೇಬರು ಭಾವನ ಕಡತ ತೆಗೆದು ನೋಡಿದರು. ಒಬ್ಬರಿಗೆ ಹನ್ನೆರಡೇ ಅವಕಾಶ ಅನ್ನುವುದು ಒಕ್ಕೂಟದ ನಿಯಮವಂತೆ. ನಾಳೆಯದು ಹನ್ನೆರಡನೆಯದು ಅಂತ ಬರೆದುಕೊಳ್ಳುತ್ತೇನೆ ಅಂದರು. ಮುರಿದರೆ ಇವರಿಗೆ ಬೆಲ್ಟ್ ಕೊಡಬೇಕೋ ಬೇಡವೋ ಅಂತ ಮಾಸ್ಟರ್ ಮೆಲ್ಲಗೆ ಕೇಳಿದರು.

"ಪರೀಕ್ಷೆ ಅಂದ ಮೇಲೆ ಪರೀಕ್ಷೆ. ಮುರಿದರೆ ಇವರಿಗೆ ಕೊಡಲೇಬೇಕು. ಉಳಿದವರದ್ದು ಹೋಗುತ್ತೆ, ಅಷ್ಟೇ," ಅಂದರು ಸಾಹೇಬರು.

ಅಂದರೆ ಬೀದಿಗೆಲ್ಲ ಒಂದೇ ಬ್ಲ್ಯಾಕ್ ಬೆಲ್ಟ್ ಉಳಿಯುತ್ತದೆ, ಅದು ನಮ್ಮ ಭಾವನದು. ಆಗ ನೋಡಬೇಕಿತ್ತು ಜನರ ಮುಖ.

ಸಂಜೆ ಐದಕ್ಕೆ ಶುರುವಾಯಿತು ಮೆರವಣಿಗೆ. ಮೊದಲು ಬೇಕರಿಯವರು ಬಿಸಿ ಬನ್ನು ಹಿಡಿದು ಬಂದರು. ಆಮೇಲೆ ಡಾಕ್ಟರು, ನಿಮ್ಮ ದವಡೆ ಹಲ್ಲು ಒಂದ್ಸಲ ನೋಡ್ಬೇಕಿತ್ತು ಅನ್ನುತ್ತಾ. ಬ್ಯಾಂಕ್ ಮ್ಯಾನೇಜರ್ ಬಂದು, ಎಂದೂ ಇಲ್ಲದವರು, ಗರಗಸಗಳನ್ನು ಹೊಗಳಿದರು. ಯಾರೂ ಮುರಿಯಬೇಡಿ ಅನ್ನಲಿಲ್ಲ, ಅಷ್ಟು ಮರ್ಯಾದಸ್ಥರು. ನೀವು ಹೇಗಿದ್ದೀರೋ ಹಾಗೇ ಇರಿ, ಅದೇ ಚೆಂದ ಅಂದರು. ಗೆಲ್ಲೋದೇ ದೊಡ್ಡದಲ್ಲ ಅಂದರು. ನಿಮ್ಮ ಕೈ ಬಂಗಾರದ ಕೈ, ಅದು ಹೊಡೆಯೋ ಕೈ ಅಲ್ಲ ಅಂತ ಟೀಚರಮ್ಮ ಕಣ್ಣೊರೆಸಿಕೊಂಡಳು. ಹನ್ನೊಂದು ವರ್ಷ ಹೊಡೀರಿ ಹೊಡೀರಿ ಅಂತ ಗಂಟಲು ಹರಿದುಕೊಂಡವರು ಇವರೇ. ನನಗೆ ಮೈಯೆಲ್ಲ ಉರಿದುಹೋಯಿತು. ಭಾವ ಮಾತ್ರ ಎಲ್ಲರಿಗೂ ತಲೆಯಾಡಿಸಿ, ಬನ್ನಿನ ತಟ್ಟೆ ವಾಪಸ್ ಕೊಟ್ಟರು.

ಎಲ್ಲರೂ ಹೋದ ಮೇಲೆ ಅಕ್ಕ ಕೆಲಸದ ಕೋಣೆಗೆ ಇಳಿದು ಬಂದಳು. ಅಕ್ಕ ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವವಳು. ಮಾತು ಕಡಿಮೆ, ಥರ್ಡ್ ಡಾನ್.

"ನಾಳೆ ಹೊಡೀರಿ," ಅಂದಳು. "ನನ್ ಬೆಲ್ಟ್ ಹೋದ್ರೆ ಹೋಗ್ಲಿ."

ಅವಳು ಮೇಲೆ ಹೋದಳು, ಹಿಂದೆಯೇ ನಾನೂ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಟಪ್ ಅಂತ ಒಂದು ಸದ್ದು ಕೇಳಿತು. ಏನೋ ಬಿತ್ತು ಅಂತ ಓಡಿ ಇಳಿದೆ. ಹಲಗೆಯೊಂದನ್ನು ಎರಡು ಮರದ ದಿಮ್ಮಿಗಳ ನಡುವೆ ಸೇತುವೆಯಂತೆ ಇಟ್ಟುಕೊಂಡಿದ್ದರು. ಅದು ಎರಡು ಹೋಳಾಗಿ ನೆಲದ ಮೇಲೆ ಬಿದ್ದಿತ್ತು. ಭಾವ ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು, ಬೇರೆ ಯಾರದ್ದೋ ಕೈ ಅನ್ನುವ ಹಾಗೆ. ಹನ್ನೊಂದು ವರ್ಷ ಬಾರದ ಸಿಟ್ಟು ಆ ಬನ್ನಿನ ತಟ್ಟೆ ನೋಡಿ ಬಂದಿತ್ತು. ನನಗೆ ಕುಣಿಯಬೇಕು ಅನ್ನಿಸಿತು.

"ಮೀಟರಮ್ಮ, ಯಾರ ಹತ್ರಾನೂ ಹೇಳ್ಬೇಡ," ಅಂದರು. ನನ್ನನ್ನು ಅವರು ಹಾಗೇ ಕರೆಯುವುದು. ಆಮೇಲೆ ಆ ಎರಡು ಹೋಳಿಗೆ ಅಂಟು ಹಚ್ಚಿ, ಕ್ಲ್ಯಾಂಪ್ ಹಾಕಿ, ದೀಪ ಆರಿಸಿದರು.

ಬೆಳಿಗ್ಗೆ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಡಾನ್ ಪ್ರಕಾರ ಸಾಲಾಗಿ ಕೂತಿದ್ದರು, ಎಲ್ಲರೂ ಸೊಂಟಕ್ಕೆ ಬೆಲ್ಟ್ ಬಿಗಿದು, ಇವತ್ತೇ ಕೊನೆಯ ದಿನವೋ ಏನೋ ಅಂತ ಅದರ ತುದಿ ಸವರುತ್ತಾ. ಕಪ್ಪು ಬೆಲ್ಟುಗಳ ನಡುವೆ, ಕಪ್ಪಿಗೆ ಒಂದೇ ಮೆಟ್ಟಿಲು ಕೆಳಗಿನ, ಭಾವನ ಕೆಂಪು ಬೆಲ್ಟ್ ಒಂದೇ ಎದ್ದು ಕಾಣುತ್ತಿತ್ತು. ಅಕ್ಕನಿಗೆ ರಜೆ ಸಿಕ್ಕಿರಲಿಲ್ಲ, ಆಸ್ಪತ್ರೆಗೆ ಹೋಗಿದ್ದಳು. ಸಾಹೇಬರು ಹಲಗೆಗಳ ರಾಶಿಯಿಂದ ತಾವೇ ಒಂದನ್ನು ಎಳೆದು, ಸ್ಕೇಲು ಇಟ್ಟು ದಪ್ಪ ಅಳೆದು, ಮೂಸಿ, ಭಾವನ ಕೈಗೆ ಕೊಟ್ಟರು. ಹಿಡಿಯುವುದಕ್ಕೆ ಯಾರು ಅಂದಾಗ ನಾನು ಎದ್ದೆ. ಬೇರೆ ಯಾರನ್ನೂ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಭಾವ ಕಿವಿಯ ಹಿಂದಿನಿಂದ ಪೆನ್ಸಿಲ್ ತೆಗೆದರು. ಹಲಗೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಆಮೇಲೆ ಸಾಲಾಗಿ ಕೂತವರನ್ನು ನೋಡಿದರು, ಡಾಕ್ಟರನ್ನು, ಬೇಕರಿಯವರನ್ನು, ಕಣ್ಣು ಮುಚ್ಚಿಕೊಂಡಿದ್ದ ಟೀಚರಮ್ಮನನ್ನು, ಖಾಲಿಯಿದ್ದ ಅಕ್ಕನ ಜಾಗವನ್ನು. ಅಂಚಿಗೆ ಗೀಟು ಹಾಕಿದರು. ಅದೇನು ಅಂತ ಸಾಹೇಬರು ಕೇಳಿದ್ದಕ್ಕೆ, ಮೇಲೆ ಯಾವುದು ಅಂತ ಗೊತ್ತಾಗಲಿಕ್ಕೆ ಅಂದರು.

ನಾನು ಗೀಟು ಮೇಲೆ ಮಾಡಿ ಹಿಡಿದೆ. ಹಿಡಿದವಳೇ ನೋಡುತ್ತೇನೆ, ಎಳೆ ನನ್ನ ಒಂದು ಕೈಯಿಂದ ಇನ್ನೊಂದು ಕೈಗೆ ಅಡ್ಡ ಮಲಗಿದೆ. ನಲವತ್ತು ವರ್ಷದ ಬಡಗಿ ಎಳೆ ನೋಡುವುದರಲ್ಲಿ ತಪ್ಪುತ್ತಾರೆಯೇ? ನನ್ನ ಬೆರಳುಗಳು ಹಲಗೆಯನ್ನು ತಿರುಗಿಸಲು ಹೊರಟವು. ಒಂದೇ ಒಂದು ಕಾಲು ಸುತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಗೀಟು ಮೇಲಿರಲಿ," ಅಂದರು ಭಾವ.

ಅವರ ಕಣ್ಣು ನೋಡಿ ನನ್ನ ಕೈ ಅಲ್ಲೇ ನಿಂತಿತು. ಆಮೇಲೆ ಅವರು ಹೊಡೆದರು. ಮೆಲ್ಲಗೆ ತಟ್ಟಿ ಸುಮ್ಮನಾಗಬಹುದಿತ್ತು, ಹನ್ನೊಂದು ಸಲ ಮಾಡಿದ ಹಾಗೆ. ಇಲ್ಲ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದರು. ನಾನು ಹಲಗೆಯ ಸಮೇತ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಮ್ಯಾನೇಜರರ ಮಡಿಲಲ್ಲಿ ಕೂತೆ. ಹಲಗೆಗೆ ಏನೂ ಆಗಲಿಲ್ಲ. ಸಾಹೇಬರು ಅದನ್ನು ಇಸಿದುಕೊಂಡು, ಬಿರುಕಿದೆಯೇ ಅಂತ ಬೆಳಕಿಗೆ ಹಿಡಿದು, ಗಟ್ಟಿಯಿದೆ ಅಂತ ಬರೆದುಕೊಂಡರು. ಅಭ್ಯರ್ಥಿ ಅನುತ್ತೀರ್ಣ, ಅವಕಾಶಗಳು ಮುಗಿದಿವೆ ಅಂತಲೂ ಬರೆದುಕೊಂಡರು. ಹಾಲ್‌ಗೆ ಹಾಲೇ ಎದ್ದು ಚಪ್ಪಾಳೆ ತಟ್ಟಿತು. ಒಬ್ಬ ಮನುಷ್ಯ ಫೇಲಾದದ್ದಕ್ಕೆ ಇಷ್ಟು ಖುಷಿಪಟ್ಟ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ. ಭಾವ ಎಲ್ಲರಿಗೂ ಬಗ್ಗಿ ವಂದಿಸಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮೆಟ್ಟಿಲಿಳಿದರು. ಬೆರಳುಗಳ ಬುಡ ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೂತಿದ್ದವಳು ಅಕ್ಕನೇ. ಎಕ್ಸ್‌ರೇ ಹಾಳೆಯನ್ನು ದೀಪದ ಮುಂದೆ ಹಿಡಿದು ತುಂಬ ಹೊತ್ತು ನೋಡಿದಳು. ಎರಡು ಮೂಳೆ ಮುರಿದಿದ್ದವು. ಇಂಥ ಮೂಳೆಗಳನ್ನು ಅವಳು ಸಾವಿರ ನೋಡಿದ್ದಾಳೆ, ಎಷ್ಟು ಜೋರಾಗಿ ಹೊಡೆದರೆ ಎಲ್ಲಿ ಮುರಿಯುತ್ತದೆ ಅನ್ನುವುದು ಅವಳಿಗೆ ಬಾಯಿಪಾಠ.

"ಇಷ್ಟು ಜೋರಾಗಿ ಹೊಡೆದಿದ್ದೀರಿ. ಹಲಗೆ ಯಾಕೆ ಮುರೀಲಿಲ್ಲ?" ಅಂದಳು.

ನಾನು ಗೋಡೆ ನೋಡಿದೆ. ಭಾವ ನೆಲ ನೋಡಿದರು. ಅವಳು ನಮ್ಮಿಬ್ಬರನ್ನೂ ನೋಡಿದಳು. ಬಡಗಿಯ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಬಿಡಿಸಿ ಹೇಳಬೇಕೇ?

"ಎಳೆ ಮಲಗಿಸಿದ್ರಾ?"

"ನೂರ ನಲವತ್ಮೂರು ಜನ ಕಣೆ," ಅಂದರು ಭಾವ. "ಅದ್ರಲ್ಲಿ ನಿಂದೂ ಒಂದು."

"ನಾನು ಹೋಗ್ಲಿ ಅಂದಿದ್ನಲ್ಲ."

"ನೀನು ಅಂದೆ. ನಂಗೆ ಆಗ್ಲಿಲ್ಲ."

ಹಾಗಿದ್ದ ಮೇಲೆ ಅಷ್ಟು ಜೋರಾಗಿ ಯಾಕೆ ಹೊಡೆದಿರಿ ಅಂತ ನಾನು ಬಯ್ದೇಬಿಟ್ಟೆ. ಸುಮ್ಮನೆ ತಟ್ಟಿದ್ದರೆ ನಾಟಕ ಆಗುತ್ತಿತ್ತು ಅಂದರು. ಕೊನೆಯ ಸಲವಾದರೂ ಸರಿಯಾಗಿ ಹೊಡೆಯೋಣ ಅನ್ನಿಸಿತಂತೆ. ಅಕ್ಕ ಪ್ಲಾಸ್ಟರ್ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಒಂದೊಂದೇ ಸುತ್ತು ಹಾಕಿದಳು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು.

ಕೈ ತೂಗುಹಾಕಲು ಆಸ್ಪತ್ರೆಯವರು ಒಂದು ಬಿಳಿ ಬಟ್ಟೆ ಕೊಟ್ಟಿದ್ದರು. ಮನೆಗೆ ಬಂದ ಕೂಡಲೇ ಅಕ್ಕ ಅದನ್ನು ಬಿಚ್ಚಿ ಎಸೆದಳು. ಬೀರುವಿನ ಬಾಗಿಲು ತೆಗೆದಳು. ಹನ್ನೊಂದು ವರ್ಷ ಮಡಿಸಿದ ಹಾಗೇ ಇದ್ದ ಬೆಲ್ಟನ್ನು ಹೊರಗೆಳೆದು, ಒಂದು ಸಲ ಒದರಿ, ಪ್ಲಾಸ್ಟರ್ ಕೈಯ ಅಡಿಯಿಂದ ಹಾಯಿಸಿ, ಅವರ ಕತ್ತಿನ ಹಿಂದೆ ಗಂಟು ಹಾಕಿದಳು. ಉಳಿದ ತುದಿಯನ್ನು ಭುಜದ ಮೇಲಿಂದ ಮುಂದಕ್ಕೆ ಬಿಟ್ಟಾಗ ಹಳದಿ ದಾರದ ಹೆಸರು ಸರಿಯಾಗಿ ಎದೆಯ ಮೇಲೆ ಬಂತು. ಭಾವ ಬಿಚ್ಚಲು ಹೋದರು. ಇದು ತಪ್ಪಾಗುತ್ತೆ, ಯಾರಾದರೂ ನೋಡಿದರೆ ಏನಂದಾರು ಅಂದರು.

"ಸೊಂಟಕ್ಕೆ ಕಟ್ಟಿಲ್ವಲ್ಲ," ಅಂದಳು ಅಕ್ಕ. "ಆರು ವಾರ ಬಿಚ್ಚೋ ಹಾಗಿಲ್ಲ. ಆಸ್ಪತ್ರೆಯವಳು ಹೇಳ್ತಿದ್ದೀನಿ."

ಮಾರನೆಯ ದಿನ ಭಾವ ಎಡಗೈಯಲ್ಲೇ ಏನೋ ಉಜ್ಜುತ್ತಾ ಕೆಲಸದ ಕೋಣೆಯಲ್ಲಿ ಕೂತಿದ್ದರು. ಆ ಮುರಿಯದ ಹಲಗೆಯೇ. ಅದಕ್ಕೆ ಮೂರು ಕಾಲಿಟ್ಟು ಅಕ್ಕನಿಗೆ ಪ್ಲಾಸ್ಟರ್ ಕೋಣೆಯಲ್ಲಿ ಕೂರಲು ಸ್ಟೂಲ್ ಮಾಡುತ್ತಾರಂತೆ. ನಾನು ಕಸ ಗುಡಿಸುತ್ತಿದ್ದೆ. ಮಾಸ್ಟರ್ ಬಂದರು, ಮುಂದಿನ ಡಾನ್ ಪರೀಕ್ಷೆಗೆ ಹಲಗೆ ಹೇಳಿ ಹೋಗಲು. ಬಾಗಿಲಲ್ಲೇ ನಿಂತರು. ಕತ್ತಿನಲ್ಲಿದ್ದ ಕಪ್ಪು ಬೆಲ್ಟ್ ನೋಡಿದರು, ಹೆಸರು ಓದಿದರು. ಕೆಲಸದ ಮೇಜಿನ ಮೇಲೆ ಅಂಟು ಹಾಕಿ ಕ್ಲ್ಯಾಂಪ್ ಬಿಗಿದಿದ್ದ ಆ ಇನ್ನೊಂದು ಹಲಗೆಯನ್ನು, ಅದರ ನಡುವಿನ ನೆಟ್ಟಗಿನ ಬಿರುಕನ್ನು ನೋಡಿದರು. ಇದನ್ನು ಮುರಿದವರು ಯಾರು ಅಂತ ಕೇಳಲು ಬಾಯಿ ತೆರೆದು, ಕೇಳದೆ ಮುಚ್ಚಿಕೊಂಡರು. ಅವರು ಸಿಕ್ಸ್ತ್ ಡಾನ್, ಬೀದಿಯಲ್ಲಿ ಅವರು ಮೊದಲು ಬಗ್ಗಬೇಕಾದವರು ಯಾರೂ ಇಲ್ಲ. ಏನೋ ಕೆಳಗೆ ಬಿತ್ತು ಅನ್ನುವ ಹಾಗೆ ಭಾವನ ಮುಂದೆ ಬಗ್ಗಿದರು, ಹಾಗೇ ತುಂಬ ಹೊತ್ತು ನಿಂತರು. ನೆಲದ ಮೇಲೆ ಏನೂ ಬಿದ್ದಿರಲಿಲ್ಲ. ಆಗಷ್ಟೇ ಗುಡಿಸಿದವಳು ನಾನು.